ಬನ್ನೂರಿನ ಚಿನ್ನದ ಗಡಿಯಾರಕ್ಕೆ ನಾನು ಹೇಳಿದ ತೀರ್ಪು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ದನಿ ನನ್ನದು. ನಂಜನಗೂಡಿನ ಒಂದು ಚಿನ್ನದಂಗಡಿಯಿಂದ ತಗಡೂರಿನ ಒಂದು ಮನೆಗೆ ವಾಟ್ಸಾಪಿನಲ್ಲಿ ಹೋದ "ಇದು ವಾಚಲ್ಲ ಕಣವ್ವಾ, ಡೂಪ್ಲಿಕೇಟು, ಕರಗ್ಸಿ ಬಳೆ ಮಾಡುಸ್ಕೊ ಓಗು" ಅನ್ನುವ ಮಾತು ಟಿ. ನರಸೀಪುರದಲ್ಲಿ ನನಗೆ ವಾಚ್ ಕೆಲಸ ಕಲಿಸಿದ ಯಜಮಾನರದಲ್ಲ. ಅಂಥ ಗಡಿಯಾರ ಒಂದು ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಅವರ ಗಂಟಲು, ಅವರ ಕೆಮ್ಮು, ಮಾತಿನ ನಡುವೆ ಹಲ್ಲಿನ ಸಂದಿಯಿಂದ ಅಡಿಕೆ ಚೂರು ಎಳೆಯುವ ಸದ್ದು, ಎಲ್ಲವನ್ನೂ ನಾನೇ ಸಪ್ಲೈ ಮಾಡಿದ್ದು. ಅಡಿಕೆ ಸದ್ದಿಗೆ ಅಂಗಡಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಕತ್ತೆ ನಾನು, ಇನ್ನೊಂದು ಸಲ ಮಾಡಿದೆ.

ನಂಜನಗೂಡು ಬಜಾರಿನಲ್ಲಿ ನನ್ನದೊಂದು ವಾಚ್ ರಿಪೇರಿ ಅಂಗಡಿ. ಅಂಗಡಿ ಅಂದರೆ ಜೆರಾಕ್ಸ್ ಅಂಗಡಿಯ ಮೆಟ್ಟಿಲ ಪಕ್ಕ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಅದರ ಮೇಲೆ ನಾನು. ಸೆಲ್ ಹಾಕುವುದು, ಬೆಲ್ಟ್ ಹಾಕುವುದು, ಇಷ್ಟೇ ದಿನದ ಕೆಲಸ. ಹಾಗಾಗಿ ಕೈಗಿಂತ ಬಾಯಿಗೆ ದುಡಿಮೆ ಜಾಸ್ತಿ. ಬಸ್ ಕಂಡಕ್ಟರು, ತಾಲ್ಲೂಕಾಫೀಸಿನ ಗುಮಾಸ್ತ, ನಮ್ಮಮ್ಮ, ಹೆಣ್ಣು ಕೊಡಲ್ಲ ಅಂದ ನನ್ನ ಸೋದರಮಾವ, ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ಎಲ್ಲರಿಗಿಂತ ಚೆನ್ನಾಗಿ ಬರುವುದು ಯಜಮಾನರು. ನರಸೀಪುರದ ಬಸ್ ಸ್ಟ್ಯಾಂಡಿನ ಪಕ್ಕ ಅವರ ಮರದ ಪೆಟ್ಟಿಗೆ ಅಂಗಡಿಯಲ್ಲಿ ಆರು ವರ್ಷ ಕೂತು ಬೈಗುಳ ತಿಂದು ಕೆಲಸ ಕಲಿತವನು ನಾನು. ಹಳೇ ವಾಚಿನ ವಿಷಯ ಬಂದರೆ ಈ ಎರಡು ತಾಲ್ಲೂಕಿನಲ್ಲಿ ಅವರ ಮಾತೇ ಕೊನೆ. ಅವರ ಹತ್ತಿರ ಫೋನಿಲ್ಲ. ಅವರು ಹೌದಾ ಅಲ್ಲವಾ ಅಂತ ಯಾರೂ ಫೋನ್ ಮಾಡಿ ಕೇಳುವ ಹಾಗಿಲ್ಲ.

ಆ ಸೋಮವಾರ ತಗಡೂರಿನಿಂದ ಒಬ್ಬರು ರಿಟೈರ್ಡ್ ಟೀಚರಮ್ಮ ಬಂದರು. ಒಂದನೇ ಕ್ಲಾಸಿಗೆ ಪಾಠ ಹೇಳಿಕೊಟ್ಟೇ ನಿವೃತ್ತಿಯಾದವರು. ಯಾರ ಜೊತೆ ಮಾತಾಡಿದರೂ ಎದುರಿಗಿರುವವನು ಮೂಗು ಒರೆಸಿಕೊಂಡಿದ್ದಾನೋ ಇಲ್ಲವೋ ಅಂತ ಒಮ್ಮೆ ನೋಡಿಯೇ ಶುರುಮಾಡುತ್ತಾರೆ. ಬ್ಯಾಗಿನಿಂದ ಒಂದು ಬಿಳಿ ಕರವಸ್ತ್ರ ತೆಗೆದು ಬಿಚ್ಚಿದರು. ಒಳಗೆ ಅಂಗೈ ತುಂಬುವ ಚಿನ್ನದ ಜೇಬು ಗಡಿಯಾರ. ಹಿಂದೆ ಮುಂದೆ ಎರಡೂ ಕಡೆ ಮುಚ್ಚಳ, ಬೀಗದ ಕೈಯಂಥ ಪುಟ್ಟ ಕೀಲಿಯಿಂದ ಕೀ ಕೊಡುವಂಥದು. ಇಂಥದನ್ನು ಯಜಮಾನರ ಅಂಗಡಿಯಲ್ಲಿ ಎರಡು ಸಲ ನೋಡಿದ್ದೆ, ಮುಟ್ಟಲು ಬಿಟ್ಟಿರಲಿಲ್ಲ.

"ಓಡ್ಸೋದು ಆಮೇಲಾಗ್ಲಿ ಕಣಪ್ಪ. ಇದನ್ನ ಮಾಡಿದ್ದು ಯಾರು ಅಂತ ಮೊದ್ಲು ಹೇಳು" ಅಂದರು.

ಅವರಪ್ಪ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದರಂತೆ: ಇದನ್ನು ಮಾಡಿದ್ದು ನಮ್ಮ ತಾತ, ಬನ್ನೂರಿನಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದವರು. ಟೀಚರಮ್ಮ ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಹೆಡ್‌ಮಾಸ್ಟರು, "ರೈಲೂ ಅವರೇ ಮಾಡಿದ್ರಾ ಟೀಚರ್?" ಅಂತ ಕೇಳಿದ್ದರಂತೆ. ಈಗ ಮೊಮ್ಮಗಳ ಮದುವೆ. ಮಗ ಬಳೆಗೆ ಈ ಚಿನ್ನದ ಮೇಲೆ ಕಣ್ಣಿಟ್ಟಿದ್ದಾನೆ.

"ಅಪ್ಪ ಹೇಳಿದ್ದು ನಿಜ ಆದ್ರೆ ಇದು ಮನೇಲಿರತ್ತೆ, ಯಾರೂ ಮುಟ್ಟಂಗಿಲ್ಲ. ಸುಳ್ಳಾದ್ರೆ ಬಳೆ ಆಗ್ಲಿ. ಸುಮ್ಮನೆ ಒಂದು ಸುಳ್ಳನ್ನ ಬೀರೂಲಿ ಇಟ್ಕೊಂಡು ಏನ್ ಮಾಡ್ಲಿ? ನೀನು ನೋಡು, ನಿಮ್ಮ ಯಜಮಾನರಿಗೂ ತೋರ್ಸು. ಚಿನ್ನ ಎಷ್ಟು ಕ್ಯಾರೆಟ್ಟು ಅಂತಾನೂ ಕೇಳು."

ಸ್ಪಷ್ಟವಾಗಿ ಮೂರು ಕೆಲಸ ಹೇಳಿದ್ದರು. ನಡುವಿನದನ್ನು ನಾನು ಮಾಡಲಿಲ್ಲ. ನರಸೀಪುರಕ್ಕೆ ಬಸ್ ಹತ್ತಬೇಕು, ಯಜಮಾನರು ಬೈಯುತ್ತಾರೆ, ಭಾನುವಾರ ನೋಡೋಣ ಅಂತ ಬಿಟ್ಟೆ.

ಕಣ್ಣಿಗೆ ಭೂತಗನ್ನಡಿ ಗ್ಲಾಸ್ ಹಾಕಿ ಗಡಿಯಾರ ಬಿಚ್ಚಿದೆ. ಹಿಂದಿನ ಮುಚ್ಚಳದ ಒಳಗಡೆ ಹಳೇ ಕಾಲದ ಕನ್ನಡ ಅಕ್ಷರದಲ್ಲಿ ಒಂದು ಹೆಸರು, ಕೆಳಗೆ "ಬನ್ನೂರು" ಅಂತ ಕೊರೆದಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯದು; ಆದರೆ ಗಡಿಯಾರ ಕೊಂಡವರೂ ಹೀಗೆ ಹೆಸರು ಕೊರೆಸಿಕೊಳ್ಳುತ್ತಾರೆ. ನಾನು ಅದನ್ನು ನೋಡಿ ಏನು ಮಾಡಿದೆ ಗೊತ್ತಾ? ನಕ್ಕೆ. ನಾನು ಹುಡುಕುತ್ತಿದ್ದದ್ದು ಇಂಗ್ಲಿಷ್ ಹೆಸರು. ಒಳಗಿನ ಮಷೀನಿನ ಹಿತ್ತಾಳೆ ತಟ್ಟೆಯ ಮೇಲೆ ಅದೂ ಇತ್ತು, ಅರ್ಧ ಸವೆದುಹೋಗಿ, ಕೊನೆಗೆ "ಲಂಡನ್" ಅಂತ ಮಾತ್ರ ಓದುವ ಹಾಗೆ. ನೆಟ್ಟಿನಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ. ಲಂಡನ್ ಮಷೀನು, ಕನ್ನಡ ಮುಚ್ಚಳ. ನನ್ನ ಲೆಕ್ಕದಲ್ಲಿ ಯಾರೋ ಹೊಟ್ಟೆ ಒಂದು ಕಡೆಯಿಂದ, ಚರ್ಮ ಒಂದು ಕಡೆಯಿಂದ ತಂದು ಸೇರಿಸಿದ ಮಾಲು.

ಗಡಿಯಾರ ನಿಂತಿದ್ದಕ್ಕೆ ಕಾರಣ ಚೈನು ಕಡಿದದ್ದು. ಈ ಕಾಲದ ಗಡಿಯಾರದಲ್ಲಿ ಸ್ಪ್ರಿಂಗಿನ ಡಬ್ಬಿಗೂ ಪಕ್ಕದಲ್ಲಿರುವ ಬುಗುರಿಯಂಥ ಒಂದು ಶಂಕುವಿಗೂ ನಡುವೆ ಚೈನಿರುತ್ತದೆ. ಸೈಕಲ್ ಚೈನನ್ನು ಕುದುರೆ ಬಾಲದ ಕೂದಲಿನಷ್ಟು ಮಾಡಿದರೆ ಹೇಗೋ ಹಾಗೆ. ಅದರ ಒಂದು ಕೊಂಡಿ ಬಿಟ್ಟಿತ್ತು. ಬಿಡಿಭಾಗ ಎಲ್ಲೂ ಸಿಗುವುದಿಲ್ಲ, ನಾವೇ ಮಾಡಬೇಕು. ಹೊಲಿಗೆ ಸೂಜಿ ಉಜ್ಜಿ ಸಣ್ಣ ಮಾಡಿ, ಕೊಂಡಿಯ ತೂತಿಗೆ ತೂರಿಸಿ, ಎರಡೂ ಕಡೆ ಮೆಲ್ಲಗೆ ತಟ್ಟಿ ರಿವೆಟ್ ಹೊಡೆದೆ. ಕೀ ಕೊಟ್ಟೆ. ಎರಡನೇ ಸುತ್ತಿಗೆ ಟಪ್ ಅಂತು. ಸೂಜಿಯನ್ನು ಮೊದಲು ಕಾಯಿಸಿ ಮೆದು ಮಾಡಿಕೊಳ್ಳದೆ ಹಾಕಿದ್ದೆ, ಗಾಜಿನ ಹಾಗೆ ಮುರಿಯಿತು. ಇದು ಯಜಮಾನರು ಮೊದಲ ತಿಂಗಳು ಹೇಳಿಕೊಟ್ಟ ಪಾಠ. ಮುರಿದ ಚೂರನ್ನು ತೂತಿನಿಂದ ತಳ್ಳುವುದರಲ್ಲಿ ಮಂಗಳವಾರದ ಬೆಳಗ್ಗೆ ಹೋಯಿತು. ಇನ್ನೊಂದು ಸೂಜಿ ತೆಗೆದು ದೀಪದ ಉರಿಗೆ ಹಿಡಿದು, ನೀಲಿ ಬಣ್ಣ ಬಂದು ಹೋಗುವವರೆಗೂ ಕಾದು, ತಾನಾಗಿ ಆರಲು ಬಿಟ್ಟು ಮತ್ತೆ ಶುರು ಮಾಡಿದೆ.

ಡಯಲ್ ಮಾತ್ರ ಬಿಚ್ಚಲಿಲ್ಲ. ಬಿಳಿ ಎನಾಮಲ್ ಡಯಲಿನಲ್ಲಿ ಕೂದಲೆಳೆಯಂಥ ಒಂದು ಬಿರುಕಿತ್ತು. ಅದನ್ನು ಹಿಡಿದಿರುವ ಪಿನ್ ಎಳೆಯುವಾಗ ಸೀಳಿದರೆ ಟೀಚರಮ್ಮನಿಗೆ ಏನು ಹೇಳಲಿ ಅನ್ನುವ ಭಯ. ಭಯಕ್ಕೆ "ಡಯಲ್ ಕೆಳಗೆ ಇನ್ನೇನಿರುತ್ತೆ ಬಿಡು" ಅಂತ ಹೆಸರಿಟ್ಟೆ.

ಮಂಗಳವಾರ ಮಧ್ಯಾಹ್ನ ಚಿನ್ನದ ಪರೀಕ್ಷೆಗೆ ಪಕ್ಕದ ಬೀದಿಯ ಚಿನ್ನದಂಗಡಿಗೆ ಹೋದೆ. ಅಂಗಡಿಯಣ್ಣ ಹಳೇ ಒಡವೆ ಕೊಂಡು ಹೊಸದು ಮಾಡಿಸಿಕೊಡುವವನು, ನನ್ನ ಮಿಮಿಕ್ರಿಯ ಖಾಯಂ ಗಿರಾಕಿ. ಕ್ಯಾರೆಟ್ ಮಷೀನಿನಲ್ಲಿಟ್ಟು ನೋಡಿ, "ಇಪ್ಪತ್ತೆರಡರ ಹತ್ರ ಇದೆ ಕಣೋ" ಅಂದ. ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಲಂಡನ್ನಿನವರು ಗಡಿಯಾರಕ್ಕೆ ಹದಿನೆಂಟರ ಚಿನ್ನ ಹಾಕುತ್ತಿದ್ದರು ಅಂತ ಯಜಮಾನರು ಹೇಳಿದ್ದರು. ಹಾಗಾದರೆ ಇದು ಒರಿಜಿನಲ್ ಅಲ್ಲ. ಹಂಗಂತ ಬಾಯಿಬಿಟ್ಟು ಹೇಳಿಯೂಬಿಟ್ಟೆ. ಯಾರ ಗಡಿಯಾರ, ಏನು ಕಥೆ ಅಂತ ಕೇಳಿದ. ಅದನ್ನೂ ಹೇಳಿದೆ. ಟೀಚರಮ್ಮನ ಮನೆಯವರು ಅವನ ಹಳೇ ಗಿರಾಕಿಗಳಂತೆ.

"ನಿಮ್ಮ ಯಜಮಾನ್ರು ಇದನ್ನ ನೋಡಿದ್ರೆ ಏನಂತಿದ್ರು? ಮಾಡೋ, ಕೇಳಾಣ" ಅಂದ.

ಮಾಡಿದೆ. ಎಲ್ಲರೂ ನಕ್ಕರು. ಅಣ್ಣ ಫೋನ್ ಎತ್ತಿ ಹಿಡಿದು, "ಇನ್ನೊಂದ್ಸಲ. 'ಕಣ್ಲಾ' ಅನ್ಬೇಡ, 'ಕಣವ್ವಾ' ಅನ್ನು, ಮನೇಲಿ ನಮ್ಮವ್ವಂಗೆ ಕೇಳಿಸ್ತೀನಿ" ಅಂದ. ಅವನ ತಾಯಿ ನಗಲಿ ಅಂತ ನಾನು ಅಡಿಕೆ ಸದ್ದನ್ನು ಎರಡು ಸಲ ಹಾಕಿದೆ.

ಬುಧವಾರ ಸಂಜೆ ಹೊತ್ತಿಗೆ ಚೈನು ಕಡಿಯದೆ ತಡೆಯಿತು. ಮಷೀನನ್ನು ಚಿನ್ನದ ಕವಚದಿಂದ ಪೂರ್ತಿ ಬೇರೆ ಮಾಡಿ, ಪೆಟ್ರೋಲಿನಲ್ಲಿ ತೊಳೆದು, ಎಣ್ಣೆ ಬಿಟ್ಟು, ಬೋರಲಾಗಿ ಒಂದು ಬಟ್ಟಲಿನ ಮೇಲೆ ಕೂರಿಸಿ ಕೀ ಕೊಟ್ಟೆ. ಓಡಿತು. ರಾತ್ರಿಯೆಲ್ಲ ಬಿಟ್ಟು ಗುರುವಾರ ಬೆಳಗ್ಗೆ ನೋಡಿದರೆ ಮೂರು ನಿಮಿಷ ಹಿಂದೆ. ಇಷ್ಟು ವಯಸ್ಸಿನ ಮಷೀನಿಗೆ ಅದು ಫಸ್ಟ್ ಕ್ಲಾಸು. ನನಗೆ ನಾನೇ ಶಭಾಷ್ ಅಂದುಕೊಳ್ಳುತ್ತಿರುವಾಗ ಟೀಚರಮ್ಮ ಬಂದರು.

"ಓಡ್ತಿದೆ ಟೀಚರ್" ಅಂದೆ.

"ಓಡ್ಲಿ ಬಿಡು. ನೀನು ಹೇಳೋಕೆ ಸಂಕೋಚಪಟ್ಕೊಂಡೆ ಅಂತ ಕಾಣತ್ತೆ. ನಿಮ್ಮ ಯಜಮಾನರ ಕೈಲೇ ಹೇಳ್ಸಿ ಕಳ್ಸಿದ್ರಲ್ಲ ಆ ಚಿನ್ನದಂಗಡಿಯವ್ರು, ಒಳ್ಳೇದಾಯ್ತು" ಅಂತ ಫೋನ್ ತೆಗೆದು ಒತ್ತಿದರು.

ನನ್ನ ಅಡಿಕೆ ಸದ್ದು ಕೇಳಿಸಿತು. ಎರಡೂ ಸಲ.

ಆ ಹೊತ್ತಿಗೆ ಬಾಯಿ ಬಿಡಬೇಕಿತ್ತು. ಊರಿನವರೆಲ್ಲರ ಬಾಯಿ ನನಗೆ ಬರುತ್ತದೆ, ನನ್ನದು ಬರಲಿಲ್ಲ. ಟೀಚರಮ್ಮ ಚಿನ್ನದ ಕವಚವನ್ನು ಅದೇ ಕರವಸ್ತ್ರದಲ್ಲಿ ಸುತ್ತಿಕೊಂಡರು. "ಮಷೀನು ನೀನೇ ಇಟ್ಕೊ, ಯಾತಕ್ಕಾದ್ರೂ ಬರತ್ತೆ" ಅಂದರು. ಹೊರಡುವಾಗ, ನನಗಲ್ಲ, ಬಜಾರಿಗೆ ಹೇಳುವ ಹಾಗೆ, "ಅಪ್ಪ ಯಾಕೆ ಅಷ್ಟು ವರ್ಷ ಸುಳ್ಳು ಹೇಳಿದ್ರೋ" ಅಂದರು. ಬಟ್ಟಲಿನ ಮೇಲೆ ಮಷೀನು ಓಡುತ್ತಲೇ ಇತ್ತು. ನನಗೆ ಅದನ್ನು ಎತ್ತಿ ಚರಂಡಿಗೆ ಎಸೆಯುವಷ್ಟು ಸಿಟ್ಟು ಬಂತು. ಸಿಟ್ಟು ಅದರ ಮೇಲಲ್ಲ ಅಂತ ಗೊತ್ತಾಗಲು ಹತ್ತು ನಿಮಿಷ ಹಿಡಿಯಿತು.

ಚಿನ್ನದಂಗಡಿಗೆ ಓಡಿದೆ. ಟೀಚರಮ್ಮ ಕೊಟ್ಟು ಹೋಗಿಯಾಗಿತ್ತು.

"ಏನಣ್ಣ ಇದು? ಯಜಮಾನ್ರು ಹೇಳಿದ್ದು ಅಂತ ಕಳ್ಸಿದ್ದೀಯಲ್ಲ?"

"ನಾನೆಲ್ಲೋ ಅಂದೆ ಯಜಮಾನ್ರು ಅಂತ? ಸುಮ್ನೆ ಫಾರ್ವರ್ಡ್ ಮಾಡ್ದೆ. ಅವ್ರೇ ಅಂದ್ಕೊಂಡ್ರು."

"ನನ್ನ ಹತ್ರ 'ಕಣವ್ವಾ' ಅಂತ ಹೇಳ್ಸಿದ್ದು ಇದಕ್ಕೇನಾ?"

"ಹೇಳಿದ್ದು ನೀನು ಕಣಪ್ಪ. ನಿನ್ನ ಬಾಯಿ ನಾನು ಹಿಡ್ಕೊಂಡಿದ್ನಾ? ಡೂಪ್ಲಿಕೇಟು ಅಂದವನೂ ನೀನೇ." ಹಲ್ಲು ಕಿರಿದ. "ಈಗ ಹೋಗಿ ಹೇಳು, ನಂದು ಅಂತ. ನೀನು ಬಾಯಿ ಬಿಟ್ರೆ ಯಾರ ದನಿ ಬರತ್ತೆ ಅಂತ ಅವರಿಗೆ ಹೆಂಗೆ ಗೊತ್ತಾಗ್ಬೇಕು?"

ಇಷ್ಟು ದಿನ ಇವನನ್ನು ನಗಿಸಲು ಎಷ್ಟು ಮಧ್ಯಾಹ್ನ ಕಳೆದಿದ್ದೇನೆ ಅಂತ ನೆನೆಸಿಕೊಂಡೆ. ಕೆನ್ನೆಗೆ ಹೊಡೆಯಬೇಕು ಅನ್ನಿಸಿತು, ಯಾರ ಕೆನ್ನೆಗೆ ಮೊದಲು ಅಂತ ತೀರ್ಮಾನವಾಗಲಿಲ್ಲ. ಒಂದೇ ಸಮಾಧಾನ: ಮಾರನೇ ದಿನ ಶುಕ್ರವಾರ. ಲಕ್ಷ್ಮಿಗೆ ಬೆಂಕಿ ಇಡಬಾರದು ಅಂತ ಆ ಅಂಗಡಿಯಲ್ಲಿ ಶುಕ್ರವಾರ ಚಿನ್ನ ಕರಗಿಸುವುದಿಲ್ಲ. ಶನಿವಾರ ಬೆಳಗ್ಗೆಯವರೆಗೂ ಸಮಯವಿತ್ತು.

ಟೀಚರಮ್ಮನಿಗೆ ಫೋನ್ ಮಾಡಿದೆ. ದನಿ ನನ್ನದು ಅಂತ ಹೇಳಿದೆ.

"ನಾನು ಹಾಕಿ ಕೇಳಿಸ್ದಾಗ ನೀನು ಎದುರಿಗೇ ಇದ್ದೆ. ಆಗ ಸುಮ್ಮನಿದ್ದು ಈಗ ನಂದು ಅಂತೀಯಲ್ಲ" ಅಂದರು.

ನಂಬಲಿ ಅಂತ ಫೋನಿನಲ್ಲೇ ಮಾಡಿ ತೋರಿಸಿದೆ, ಕೆಮ್ಮಿನ ಸಮೇತ. ಆಮೇಲೆ, ತಪ್ಪು ಲೆಕ್ಕ ಮಾಡಿದ ಹುಡುಗನನ್ನು ಬೋರ್ಡಿನ ಹತ್ತಿರ ನಿಲ್ಲಿಸಿ ಕೇಳುವ ದನಿಯಲ್ಲಿ ಕೇಳಿದರು.

"ಸರಿ. ದನಿ ನಿಂದೇ ಇರ್ಲಿ. ಮಾತು ಸುಳ್ಳಾ? ಬಿಚ್ಚಿ ನೋಡಿದವನು ನೀನು. ಇದನ್ನ ನಮ್ಮಪ್ಪನ ತಾತ ಮಾಡಿದ್ದು ಅಂತ ಹೇಳ್ತೀಯಾ?"

ನಾನು ಹೇಳಲಿಲ್ಲ. ಹೇಳಲು ನನಗೆ ಗೊತ್ತಿರಲಿಲ್ಲ. ಯಜಮಾನರ ಗಂಟಲಲ್ಲಿ ಹೇಳಿದ್ದು ತಮಾಷೆ, ಆದರೆ ಹೇಳಿದ್ದು ನಾನು ನಂಬಿದ್ದನ್ನೇ. ಅವರು ಫೋನ್ ಇಟ್ಟರು.

ಆಗ ತೀರ್ಮಾನ ಮಾಡಿದೆ. ಸುಮ್ಮನಿದ್ದರೆ ನನ್ನ ಕಳ್ಳತನ ನರಸೀಪುರಕ್ಕೆ ಗೊತ್ತಾಗುವುದಿಲ್ಲ. ಹೋದರೆ ಆರು ವರ್ಷದ ಅನ್ನಕ್ಕೆ ಕಲ್ಲು ಹಾಕಿಕೊಂಡ ಹಾಗೆ. ಶುಕ್ರವಾರ ಬೆಳಗ್ಗೆ ಮಷೀನನ್ನು ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಹಾಕಿ ಮಲಗಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನರಸೀಪುರದ ಬಸ್ಸಿನಲ್ಲಿ ಕೂತೆ. ಕಂಡಕ್ಟರು ಪರಿಚಯದವನು, "ಏನ್ ಸಾ, ಇವತ್ತು ನನ್ನ ಮಾಡಲ್ವಾ?" ಅಂದ. ಟಿಕೆಟ್ ಕೊಡಪ್ಪಾ ಅಂದೆ.

ಯಜಮಾನರು ಆಗಷ್ಟೇ ಬಾಗಿಲು ತೆಗೆದು ಗಾಜು ಒರೆಸುತ್ತಿದ್ದರು. ನಿಂತುಕೊಂಡೇ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗಿತ್ತು.

"ಮಾಡು" ಅಂದರು.

"ಏನು ಯಜಮಾನ್ರೇ?"

"ನಾನು ಯೋಳ್ದಂಗೆ ಯೋಳಿದ್ಯಲ್ಲ, ಅದ. ನನ್ ಮುಂದೆ ಮಾಡು."

ಬಸ್ ಸ್ಟ್ಯಾಂಡಿನ ಗಲಾಟೆಯ ಪಕ್ಕ, ಅವರ ಮುಖ ನೋಡಿಕೊಂಡು ಅವರನ್ನೇ ಮಾಡಿದೆ. ಜೀವನದಲ್ಲಿ ಅಷ್ಟು ಕೆಟ್ಟದಾಗಿ ಯಾರನ್ನೂ ಮಾಡಿಲ್ಲ. ಅವರು ತಲೆ ಓರೆ ಮಾಡಿ, ವಾಚನ್ನು ಕಿವಿಗಿಟ್ಟುಕೊಂಡು ಕೇಳುವ ಹಾಗೆ ಕೇಳಿದರು.

"ಡೂಪ್ಲಿಕೇಟು ಅನ್ನೋ ಮಾತ ನನ್ ಬಾಯಲ್ಲಿ ಯಾವತ್ತಾರ ಕೇಳಿದ್ದೀಯೇನ್ಲಾ?"

ಕೇಳಿರಲಿಲ್ಲ. ಯಾರು ಯಾವ ವಾಚ್ ತಂದರೂ ಅವರು "ಇದ ಯಾರೋ ಮಾಡವ್ರೆ, ನೋಡಾಣ" ಅನ್ನುತ್ತಿದ್ದರು.

"ಡಯಲ್ ತೆಗ್ದ್ಯಾ?"

"ಇಲ್ಲ. ಬಿರುಕಿತ್ತು, ಅದಕ್ಕೆ..."

"ನನ್ ಬಾಯಿ ಎತ್ಕೊಂಡೋದೋನು ಕಣ್ಣ ಯಾಕ್ಲಾ ಇಲ್ಲೇ ಬುಟ್ಟೋದೆ?"

ಮಷೀನು ತೆಗೆದುಕೊಂಡು ಕೂತರು. ಮುಳ್ಳುಗಳನ್ನು ಎತ್ತಿದರು. ಡಯಲಿನ ಕಾಲಿಗೆ ಸಿಕ್ಕಿಸಿದ್ದ ಪಿನ್ನುಗಳನ್ನು ಎಳೆಯುವ ಮೊದಲು ಒಂದೊಂದರ ಬುಡಕ್ಕೂ ಒಂದು ತೊಟ್ಟು ಎಣ್ಣೆ ಬಿಟ್ಟು, ಬೀಡಿ ಹಚ್ಚಿ, ಬೀಡಿ ಮುಗಿಯುವವರೆಗೂ ಸುಮ್ಮನಿದ್ದರು. ಆಮೇಲೆ ಎಳೆದರೆ ಬೆಣ್ಣೆಯಿಂದ ಬಂದ ಹಾಗೆ ಬಂದವು. ಬಿರುಕು ಅಷ್ಟೇ ಇತ್ತು, ಒಂದೆಳೆ ಹೆಚ್ಚಾಗಿರಲಿಲ್ಲ. ಡಯಲ್ ಎತ್ತಿ ಪಕ್ಕಕ್ಕಿಟ್ಟು, ತಟ್ಟೆಯ ಮೇಲೆ ಗ್ಲಾಸ್ ಬಗ್ಗಿಸಿದವರು ತುಂಬಾ ಹೊತ್ತು ಎದ್ದೇಳಲಿಲ್ಲ.

"ಓದು" ಅಂತ ನನ್ನ ಕಡೆ ತಳ್ಳಿದರು.

ಹಿತ್ತಾಳೆಯ ಮೇಲೆ, ಡಯಲ್ ಮುಚ್ಚಿದರೆ ಯಾರಿಗೂ ಕಾಣದ ಜಾಗದಲ್ಲಿ, ಮುಚ್ಚಳದ ಒಳಗಿದ್ದ ಅದೇ ಕೈಬರಹ, ಅದೇ ಹೆಸರು. ಅದರ ಕೆಳಗೆ ಎರಡು ಸಾಲು: "ಚಕ್ರ ೨ ತೊಲೆ ೧ ಮನೆ ೧ ನನ್ನದು. ಉಳಿದದ್ದು ಅವರದು."

ಮನೆ ಅಂದರೆ ಚಿನ್ನದ ಕವಚ. ತೊಲೆ ಅಂದರೆ ಯಾವುದು ಅಂತ ಯಜಮಾನರು ಮಷೀನು ತಿರುಗಿಸಿ ತೋರಿಸಿದರು: ಆಡುವ ಬ್ಯಾಲೆನ್ಸ್ ಚಕ್ರವನ್ನು ಮೇಲಿನಿಂದ ಹಿಡಿದಿರುವ ಹಿತ್ತಾಳೆ ಬ್ರಿಜ್ಜು. ಲಂಡನ್ನಿನವರು ಅದರ ಮೇಲೆ ಬಳ್ಳಿ ಎಲೆ ಕೊರೆಯುತ್ತಾರೆ. ಇದರ ಮೇಲೂ ಕೊರೆದಿತ್ತು, ನಾನು ಮೂರು ದಿನ ಎಲೆ ಅಂದುಕೊಂಡೇ ನೋಡಿದ್ದೆ. ಗ್ಲಾಸಿನಲ್ಲಿ ನೋಡಿದರೆ ಎಲೆಯಲ್ಲ, ಬಾಗಿದ ಭತ್ತದ ತೆನೆ. ಕಾಳಿನ ತುದಿಯ ಮುಳ್ಳಿನ ಸಮೇತ. ಬನ್ನೂರಿನ ಗದ್ದೆ ನೋಡಿದವನಿಗೆ ಹೇಳಿಕೊಡಬೇಕಾಗಿಲ್ಲ.

ಬ್ರಿಜ್ಜನ್ನು ಬಿಚ್ಚಿ ತಲೆಕೆಳಗು ಮಾಡಿದರು. ಅಡಿಯಲ್ಲಿ ಒಂದು ತೂತು, ಅದರ ಪಕ್ಕ ಕೂದಲಿನಷ್ಟು ಅಂತರದಲ್ಲಿ ಹಿತ್ತಾಳೆ ತುಂಬಿ ಮುಚ್ಚಿದ ಇನ್ನೊಂದು.

"ಮೊದ್ಲು ಕೊರ್ದಿದ್ದು ಒಂದೆಳೆ ಆಚೆ ಓಗದೆ. ಮುಚ್ಚಿ ಮತ್ತೆ ಕೊರ್ದವ್ನೆ. ಕಾರ್ಖಾನೆಯೋನು ಆಗಿದ್ರೆ ಎಸ್ದು ಇನ್ನೊಂದ ತಗತಿದ್ದ. ಇವ್ನತ್ರ ಇದ್ದಿದ್ದು ಇದೊಂದೇ ತುಂಡು ಅಂತ ಕಾಣ್ತದೆ. ಮನೆ ಇಪ್ಪತ್ತೆರಡರ ಚಿನ್ನ ಅಂದ್ಯಲ್ಲ, ಅದೂ ಅಷ್ಟೆ. ಬಳೆ ಮಾಡೋ ಚಿನ್ನದಲ್ಲೇ ಮಾಡವ್ನೆ, ಅವ್ನಿಗೆ ಗೊತ್ತಿದ್ದ ಚಿನ್ನ ಅದೇ."

ನನ್ನ ಕೈಗೆ ಬಂದ ಒಂದೊಂದು ಸಾಕ್ಷಿಯೂ ಸರಿಯಾಗಿಯೇ ಇತ್ತು. ಕನ್ನಡ ಅಕ್ಷರ, ಇಪ್ಪತ್ತೆರಡು ಕ್ಯಾರೆಟ್ಟು. ನಾನು ಎಲ್ಲವನ್ನೂ ಮಾಡಿದವನ ವಿರುದ್ಧ ಓದಿದ್ದೆ. ಬನ್ನೂರಿನವನೊಬ್ಬ ಕೂತು ಇದನ್ನು ಮಾಡಿರಬಹುದು ಅನ್ನುವುದೊಂದು ಬಿಟ್ಟು ಬೇರೆಲ್ಲಾ ನಂಬಲು ತಯಾರಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟಿನಲ್ಲಿ ಅದು ದೊಡ್ಡ ಪಾಲು. ಎಷ್ಟು ಮಾಡಿದೆನೋ ಅಷ್ಟನ್ನೇ ಎಣಿಸಿ ಬರೆದು, ಅದನ್ನೂ ಡಯಲಿನ ಕೆಳಗೆ ಮುಚ್ಚಿಟ್ಟು ಹೋದವನು ಅವನು. ನಾನು ಬೇರೆಯವರ ಗಂಟಲಲ್ಲಿ ಬಜಾರಿಗೇ ಕೂಗಿದವನು.

ಯಜಮಾನರು ಮಷೀನು ಜೋಡಿಸಿ ಡಬ್ಬಿಗೆ ಹಾಕಿದರು. ಡಯಲನ್ನು ಬೇರೆಯಾಗಿ ಸುತ್ತಿ ತಮ್ಮ ಅಂಗಿ ಜೇಬಿಗೆ ಇಟ್ಟುಕೊಂಡರು. ಅಂಗಡಿ ಬಾಗಿಲು ಎಳೆದು ಬೀಗ ಹಾಕಿ, "ನಡಿ" ಅಂದರು. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಕೂರಲಿಲ್ಲ. ಮುಂದೆ ಹೋಗಿ ಡ್ರೈವರಿನ ಹಿಂದೆ ಕೂತರು. ತಗಡೂರಿನಲ್ಲಿ ಇಳಿದು ಟೀಚರಮ್ಮನ ಮನೆಗೆ ಹೋದರೆ, ಬಳೆ ಡಿಸೈನು ನೋಡಲು ನಂಜನಗೂಡಿಗೆ ಹೋಗಿದ್ದಾರೆ ಅಂದರು ಮನೆಯವರು. ಮತ್ತೆ ಬಸ್ಸು. ಮತ್ತೆ ಅವರು ಮುಂದೆ, ನಾನು ಹಿಂದೆ.

ಚಿನ್ನದಂಗಡಿ ತಲುಪುವಾಗ ಮೂರು ಗಂಟೆ. ಟೀಚರಮ್ಮ ಡಿಸೈನಿನ ಪುಸ್ತಕ ತೆರೆದುಕೊಂಡು ಕೂತಿದ್ದರು. ಪಕ್ಕದ ತಟ್ಟೆಯಲ್ಲಿ ಗಡಿಯಾರದ ಕವಚ. ಮುಂದಿನ ಮುಚ್ಚಳ ಎರಡು ತುಂಡಾಗಿತ್ತು.

"ಶುಕ್ರವಾರ ಅಲ್ವೇನಣ್ಣ?" ಅಂದೆ.

"ಬೆಂಕಿ ಇಟ್ಟಿಲ್ಲಪ್ಪ. ಒಳಗೆ ಹಿತ್ತಾಳೆ ಸೇರ್ಸಿದ್ದಾರಾ ಅಂತ ಕತ್ತರಿ ಆಡ್ಸಿ ನೋಡ್ದೆ ಅಷ್ಟೆ."

"ಇತ್ತಾ?"

"ಇರ್ಲಿಲ್ಲ."

ನಾನು ಯಜಮಾನರನ್ನು ತೋರಿಸಿ, "ಟೀಚರ್, ನಮ್ಮ ಯಜಮಾನ್ರು ಇವರೇ" ಅಂದೆ. ನಾನು ಯಾವ ದನಿ ಹಾಕಿದ್ದೆ, ಯಾಕೆ ಹಾಕಿದ್ದೆ, 'ಕಣವ್ವಾ' ಅಂತ ಸೇರಿಸಿದ್ದು ಯಾರ ಮಾತಿಗೆ, ಗುರುವಾರ ಎದುರಿಗೆ ನಿಂತೂ ಯಾಕೆ ಬಾಯಿ ಬಿಡಲಿಲ್ಲ, ಎಲ್ಲವನ್ನೂ ಅಂಗಡಿಯಲ್ಲಿದ್ದವರೆಲ್ಲರ ಮುಂದೆ ನನ್ನ ದನಿಯಲ್ಲೇ ಹೇಳಿದೆ. ಅಂಗಡಿಯಣ್ಣ ಬಿಡಲಿಲ್ಲ. ಫೋನ್ ತೆಗೆದು ಮತ್ತೆ ಒತ್ತಿದ. ಯಜಮಾನರಿಗೆ ಈಗ ವಯಸ್ಸಾಗಿ ಗಂಟಲು ಒಡೆದಿದೆ, ನಾನು ಮಾಡುವುದು ಹತ್ತು ವರ್ಷದ ಹಿಂದಿನ ಯಜಮಾನರನ್ನು. ರೆಕಾರ್ಡಿನ ಯಜಮಾನರೇ ಗಟ್ಟಿಯಾಗಿ ಕೇಳಿಸಿದರು.

"ನೋಡಿ ಅಮ್ಮ, ಇದ್ರಲ್ಲಿರೋ ದನಿಗೂ ಇವ್ರದ್ದಕ್ಕೂ ಎಲ್ಲಿ ಹೊಂದತ್ತೆ? ಯಾರನ್ನೋ ಕರ್ಕೊಂಡ್ ಬಂದವ್ನೆ" ಅಂದ.

"ದನಿ ನಂದೇ ಕಣಪ್ಪ" ಅಂದರು ಯಜಮಾನರು, ನಿಧಾನಕ್ಕೆ. "ಮಾತು ನಂದಲ್ಲ. ನನ್ ಮಾತು ಬೇಕಾಗೂ ಇಲ್ಲ."

ಡಬ್ಬಿ ತೆರೆದು ಮಷೀನನ್ನು ಟೀಚರಮ್ಮನ ಮುಂದೆ ಇಟ್ಟು, ತಮ್ಮ ಕಣ್ಣಿನ ಗ್ಲಾಸನ್ನು ಅಂಗಿ ತುದಿಗೆ ಒರೆಸಿ ಅವರ ಕೈಗೆ ಕೊಟ್ಟರು. ಆ ಗ್ಲಾಸನ್ನು ನನಗೂ ಯಾವತ್ತೂ ಕೊಟ್ಟವರಲ್ಲ. ಟೀಚರಮ್ಮನಿಗೆ ಹಿಡಿಯುವುದು ಗೊತ್ತಾಗದೆ ಎರಡು ಸಲ ಜಾರಿತು. ಆಮೇಲೆ ಸಿಕ್ಕಿತು. ಒಂದನೇ ಕ್ಲಾಸಿನ ಮಕ್ಕಳ ಕೋಳಿಕಾಲಿನ ಬರಹ ಓದಿದವರಿಗೆ ಅದು ಯಾವ ಕಷ್ಟ. ಬೆರಳು ಆಡಿಸಿಕೊಂಡು, ಮೊದಲು ಹೆಸರು, ಆಮೇಲೆ ಒಂದೊಂದೇ ಪದ ಜೋರಾಗಿ ಓದಿದರು. "ಚಕ್ರ ಎರಡು. ತೊಲೆ ಒಂದು. ಮನೆ ಒಂದು. ನನ್ನದು. ಉಳಿದದ್ದು ಅವರದು." ಇನ್ನೊಂದು ಸಲ ಓದಿದರು, ಈ ಸಲ ದನಿಯಿಲ್ಲದೆ.

ಯಜಮಾನರು ತಟ್ಟೆಯಿಂದ ಹಿಂದಿನ ಮುಚ್ಚಳ ಎತ್ತಿ ಪಕ್ಕದಲ್ಲಿಟ್ಟರು. ಎರಡೂ ಕಡೆ ಒಂದೇ ಕೈ. ಯಾರೂ ವಿವರಿಸಬೇಕಾಗಲಿಲ್ಲ.

ಅಂಗಡಿಯಣ್ಣ ಆಗಲಾದರೂ ಸುಮ್ಮನಿರಬಹುದಿತ್ತು. ಇರಲಿಲ್ಲ. "ಹಂಗಾದ್ರೆ ಪೂರ್ತಿ ಅವ್ರು ಮಾಡಿದ್ದಲ್ಲ ಅಂತ ಅವ್ರೇ ಬರ್ದವ್ರಲ್ಲಮ್ಮ. ನಿಮ್ಮಪ್ಪಾಜಿ ಹೇಳಿದ್ದು ಅರ್ಧ ಸುಳ್ಳೇ ಆಯ್ತು. ಹೆಂಗೂ ಮುಚ್ಚಳ ಕತ್ತರ್ಸಿ ಆಗಿದೆ, ಇನ್ನು ಇಟ್ಕೊಂಡು ಏನ್ಮಾಡ್ತೀರಿ?"

ಟೀಚರಮ್ಮ ಡಿಸೈನಿನ ಪುಸ್ತಕ ಮುಚ್ಚಿದರು. ಕತ್ತರಿಸಿದ ಎರಡು ತುಂಡನ್ನೂ ತಟ್ಟೆಯಿಂದ ಆರಿಸಿ ಕರವಸ್ತ್ರದೊಳಗೆ ಇಟ್ಟುಕೊಂಡರು, ಕವಚವನ್ನೂ, ಮುಚ್ಚಳವನ್ನೂ, ಮಷೀನನ್ನೂ ಇಟ್ಟುಕೊಂಡರು. ಯಜಮಾನರು ಜೇಬಿನಿಂದ ಡಯಲ್ ತೆಗೆದುಕೊಟ್ಟರು, ಅದನ್ನೂ ಇಟ್ಟುಕೊಂಡು ಗಂಟು ಹಾಕಿದರು. ಬ್ಯಾಗಿನಿಂದ ಒಂದು ನೋಟ್‌ಬುಕ್ಕು, ಒಂದು ಪೆನ್ನು ತೆಗೆದರು. ಎರಡು ಹಾಳೆ ಹರಿದು, ಒಂದನ್ನು ಅಂಗಡಿಯಣ್ಣನ ಮುಂದೆ, ಒಂದನ್ನು ನನ್ನ ಮುಂದೆ ಇಟ್ಟರು.

"ಅವ್ರು ಎಷ್ಟು ಮಾಡಿದ್ರೋ ಅಷ್ಟನ್ನ ಬರೆದು ಹೆಸರು ಹಾಕಿ ಹೋಗಿದ್ದಾರೆ. ನೀವಿಬ್ರೂ ಎಷ್ಟು ಮಾಡಿದ್ದೀರೋ ಅಷ್ಟನ್ನ ಬರೆದು ಹೆಸರು ಹಾಕಿ ಕೊಡಿ, ಜೊತೇಲೇ ಇಡ್ತೀನಿ."